ಇಳಿಯದೆಯೇ ಇಳಿಸುವ ಚೀಲ

ಲಡಾಖ್‌ಗೋ ಎವರೆಸ್ಟ್ ಬೇಸ್ ಕ್ಯಾಂಪಿಗೋ ಚಾರಣಿಗರನ್ನು ಕರೆದೊಯ್ಯುವವರ ಪ್ರಕಟಣೆಗಳಲ್ಲಿ ಊಟ, ಟೆಂಟು, ಮಾರ್ಗದರ್ಶಕರ ವಿವರಗಳ ನಡುವೆ ಹಲವು ಸಲ ಇನ್ನೊಂದು ಸಾಲೂ ಇರುತ್ತದೆ: ಆಮ್ಲಜನಕದ ಸಿಲಿಂಡರ್ ಮತ್ತು ಗ್ಯಾಮೋವ್ ಬ್ಯಾಗ್ ತಂಡದ ಜೊತೆಗಿರುತ್ತವೆ. ಓದುವವರು ಅದನ್ನು ಕಾರಿನ ಏರ್‌ಬ್ಯಾಗಿನಂತಹ ಒಂದು ಭರವಸೆ ಎಂದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಆ ಬ್ಯಾಗ್ ಏನು ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ ಎಂದು ಕೇಳುವವರು ಕಡಿಮೆ. ಎತ್ತರದಲ್ಲಿ ಕಾಯಿಲೆ ಬಿದ್ದವರನ್ನು ಒಳಗೆ ಮಲಗಿಸಿ ಅವರ ಸುತ್ತಲಿನ ಗಾಳಿಯ ಒತ್ತಡ ಹೆಚ್ಚಿಸುವ ಚೀಲ ಅದು. ಅದರ ಉಪಕಾರವನ್ನು ಗಂಟೆಗಳಲ್ಲಿ ಅಳೆಯಬೇಕು. ಆ ಗಂಟೆಗಳನ್ನು ಬೆಟ್ಟ ಇಳಿಯುವ ಸಿದ್ಧತೆಗೆ ಬಳಸದೆ ಹೋದರೆ ಚೀಲ ಇದ್ದೂ ಇಲ್ಲದಂತೆ. ಈ ಮಾತನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಎತ್ತರಕ್ಕೆ ಹೋಗುವ ಕನ್ನಡಿಗರ ಸಂಖ್ಯೆಯೂ ಅವರು ಅಲ್ಲಿಗೆ ತಲುಪುವ ವೇಗವೂ ಹಿಂದಿನಂತಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ಪ್ರಮಾಣದ ಲೆಕ್ಕದಲ್ಲಿ ಇದು ಸರಿಯಲ್ಲ. ಮಲ್ಪೆಯ ಕಡಲತೀರದಲ್ಲಿಯೂ ಎವರೆಸ್ಟಿನ ನೆತ್ತಿಯಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಆಮ್ಲಜನಕವೇ. ಕಡಿಮೆಯಾಗುವುದು ಆ ಗಾಳಿಯ ಒತ್ತಡ. ಕಡಲ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 685ಕ್ಕೆ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಸುಮಾರು 505ಕ್ಕೆ, ಖಾರ್ದುಂಗ್ ಲಾ ಕಣಿವೆದಾರಿಯ 5,359 ಮೀಟರಿನಲ್ಲಿ ಸುಮಾರು 400ಕ್ಕೆ ಇಳಿದಿರುತ್ತದೆ. ಒಳಗೆಳೆದುಕೊಂಡ ಉಸಿರಿಗೆ ಶ್ವಾಸನಾಳದಲ್ಲಿ ಸೇರಿಕೊಳ್ಳುವ ನೀರಾವಿಯ 47 ಮಿಲಿಮೀಟರನ್ನು ಕಳೆದು, ಉಳಿದದ್ದರಲ್ಲಿ ಶೇಕಡ 21ನ್ನು ತೆಗೆದರೆ, ಶ್ವಾಸಕೋಶದತ್ತ ಹೋಗುವ ಆಮ್ಲಜನಕದ ಒತ್ತಡ ಕಡಲ ಮಟ್ಟದಲ್ಲಿ 149, ಲೇಹ್‌ನಲ್ಲಿ 96, ಖಾರ್ದುಂಗ್ ಲಾದಲ್ಲಿ 74 ಎಂದು ಬರುತ್ತದೆ. ಅಂದರೆ ಕಣಿವೆದಾರಿಯಲ್ಲಿ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗೆ ದಕ್ಕುವುದು ಕಡಲತೀರದವನಿಗೆ ದಕ್ಕುವುದರ ಅರ್ಧ.

ಹೆಚ್ಚಿನವರ ದೇಹ ಇದಕ್ಕೆ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳುವ ಮೊದಲೇ ಮೇಲೇರಿದವರಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು ಬರುತ್ತವೆ. ಇಷ್ಟಕ್ಕೇ ನಿಂತರೆ ಅದು ಸಾಧಾರಣ ಪರ್ವತ ಕಾಯಿಲೆ. ಮೇಲೇರುವುದನ್ನು ನಿಲ್ಲಿಸಿ ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನಿಲ್ಲದೆ ಹೋದಾಗ ಎರಡು ಅಪಾಯಗಳಿವೆ. ಒಂದರಲ್ಲಿ ಮೆದುಳು ಊದಿಕೊಳ್ಳುತ್ತದೆ: ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ನಡೆಯಲು ಹೇಳಿದರೆ ರೋಗಿ ಕುಡಿದವನಂತೆ ತೂರಾಡುತ್ತಾನೆ. ಇನ್ನೊಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಆಮ್ಲಜನಕದ ಕೊರತೆಗೆ ಪ್ರತಿಯಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆ ಬಿಗಿತ ಎಲ್ಲ ಕಡೆಯೂ ಒಂದೇ ಸಮನಾಗಿರದ ಕಾರಣ ಬಿಗಿಯದ ಭಾಗಗಳಿಗೆ ರಕ್ತ ಜೋರಾಗಿ ನುಗ್ಗಿ, ಅಲ್ಲಿನ ಕೂದಲೆಳೆಯಂತಹ ನಾಳಗಳ ಗೋಡೆಯಿಂದ ದ್ರವ ಸೋರಿ ಗಾಳಿಗೂಡುಗಳಿಗೆ ಇಳಿಯುತ್ತದೆ. ಇದು ಸಾಮಾನ್ಯವಾಗಿ ಎತ್ತರ ತಲುಪಿದ ಎರಡರಿಂದ ನಾಲ್ಕು ದಿನಗಳೊಳಗೆ, ಹೆಚ್ಚಾಗಿ ರಾತ್ರಿಯ ಹೊತ್ತು ಕಾಣಿಸಿಕೊಳ್ಳುತ್ತದೆ. ಮೊದಲು ಒಣಕೆಮ್ಮು, ಆಮೇಲೆ ಕುಳಿತಲ್ಲೇ ಏದುಸಿರು, ಕಡೆಗೆ ಗುಲಾಬಿ ಬಣ್ಣದ ನೊರೆಗಫ. ಭಾರತದ ಸೈನ್ಯದಲ್ಲಿ ಇದನ್ನು ಹ್ಯಾಪೋ ಎಂದು ಕರೆಯುತ್ತಾರೆ. ಇದರ ಬಗ್ಗೆ ಜಗತ್ತಿಗೆ ಇರುವ ತಿಳಿವಳಿಕೆಗೆ ನಮ್ಮ ಸೈನಿಕರು ತೆತ್ತ ಬೆಲೆಯೂ ಸೇರಿದೆ: 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯಿಂದ ನೇರವಾಗಿ ಎತ್ತರಕ್ಕೆ ಸಾಗಿಸಿದ ಪಡೆಗಳಲ್ಲಿ ಈ ಕಾಯಿಲೆ ವ್ಯಾಪಕವಾಗಿ ಕಂಡಿತು. ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಪರ್ವತ ವೈದ್ಯಶಾಸ್ತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ.

ಎರಡೂ ಕಾಯಿಲೆಗಳಿಗೆ ಮೊದಲ ಮದ್ದು ಇಳಿಯುವುದು. ಸುಮಾರು 1,000 ಮೀಟರ್, ಇಲ್ಲವೇ ಲಕ್ಷಣಗಳು ತಗ್ಗುವವರೆಗೆ. ಆದರೆ ಬೆಟ್ಟ ಯಾವಾಗಲೂ ಇಳಿಯಲು ಬಿಡುವುದಿಲ್ಲ. ಮಧ್ಯರಾತ್ರಿಯಿರುತ್ತದೆ, ಹಿಮ ಬೀಳುತ್ತಿರುತ್ತದೆ, ಇಲ್ಲವೇ ಶಿಬಿರ ಕಣಿವೆಯೊಂದರಲ್ಲಿದ್ದು ಹೊರಬರಬೇಕಾದರೆ ಮೊದಲು ಮೇಲಕ್ಕೇ ಹತ್ತಬೇಕಾಗಿರುತ್ತದೆ. ಇಂತಹ ಸಂದರ್ಭಕ್ಕೆಂದೇ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿದ್ದ ಇಗೋರ್ ಗ್ಯಾಮೋವ್ 1980ರ ದಶಕದ ಕೊನೆಗೆ ಈ ಚೀಲವನ್ನು ರೂಪಿಸಿದರು. ಮಹಾಸ್ಫೋಟ ಸಿದ್ಧಾಂತದ ಜೊತೆ ಹೆಸರು ಸೇರಿಕೊಂಡಿರುವ ಭೌತವಿಜ್ಞಾನಿ ಜಾರ್ಜ್ ಗ್ಯಾಮೋವ್ ಅವರ ಮಗ ಇವರು. ಎತ್ತರದ ಗಾಳಿಯನ್ನು ಬದಲಿಸಲಾಗದಿದ್ದರೆ ರೋಗಿಯ ಸುತ್ತಲಿನ ಗಾಳಿಯನ್ನಷ್ಟೇ ಒತ್ತಿ ದಟ್ಟವಾಗಿಸಿದರಾಯಿತು ಎಂಬ ಸರಳ ತರ್ಕ ಅವರದು. ಫ್ರಾನ್ಸಿನ ಸರ್ಟೆಕ್ ಚೀಲದಂತಹ ಬೇರೆ ಮಾದರಿಗಳೂ ಇವೆ, ಸರ್ಟೆಕ್‌ನ ಒತ್ತಡ ಇದಕ್ಕಿಂತ ಹೆಚ್ಚು.

ಗ್ಯಾಮೋವ್ ಚೀಲದ ಒತ್ತಡ ಎಷ್ಟು ಎಂದು ತಿಳಿದವರಿಗೆ ಮೊದಲು ಆಶ್ಚರ್ಯವೇ ಆಗುತ್ತದೆ: ಚದರ ಇಂಚಿಗೆ ಎರಡು ಪೌಂಡ್. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಅದರೊಳಗೆ ಸುಮಾರು 15 ಪೌಂಡ್ ಇರುತ್ತದೆ, ಕಾರಿನ ಟೈರಿನಲ್ಲಿ ಮೂವತ್ತರ ಮೇಲೆ. ಆದರೆ ಈ ಎರಡು ಪೌಂಡ್ ಎಂದರೆ 103 ಮಿಲಿಮೀಟರ್ ಪಾದರಸ, ಮತ್ತು ತೆಳುಗಾಳಿಯಲ್ಲಿ ಅದರ ಬೆಲೆ ದೊಡ್ಡದು. ಮೇಲಿನ ಲೆಕ್ಕಕ್ಕೆ ಇದನ್ನು ಕೂಡಿಸಿ ನೋಡಬಹುದು. ಖಾರ್ದುಂಗ್ ಲಾದ 400ಕ್ಕೆ 103 ಸೇರಿದರೆ 503, ಅಂದರೆ ಬಹುಮಟ್ಟಿಗೆ ಲೇಹ್‌ನ ಒತ್ತಡ. ಚೀಲದೊಳಗೆ ಮಲಗಿದವನು ಒಂದು ಹೆಜ್ಜೆಯನ್ನೂ ಇಡದೆ 1,800 ಮೀಟರ್ ಇಳಿದಂತಾಯಿತು. ಅದೇ ಚೀಲವನ್ನು ಲೇಹ್‌ನಲ್ಲಿ ಬಿಚ್ಚಿದರೆ 505ಕ್ಕೆ 103 ಸೇರಿ 608 ಆಗುತ್ತದೆ. ಇದು ಸುಮಾರು 1,950 ಮೀಟರ್ ಎತ್ತರದ ಗಾಳಿ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿ ಸರಿಸುಮಾರು ಅಷ್ಟೇ ಎತ್ತರದಲ್ಲಿದೆ. ಶಿಖರದ ಗುಡಿಯ ಬಳಿ ಯಾರೂ ಆಮ್ಲಜನಕಕ್ಕಾಗಿ ಒದ್ದಾಡುವುದಿಲ್ಲ ಎಂಬುದು ಅಲ್ಲಿಗೆ ಹೋಗಿಬಂದವರಿಗೆಲ್ಲ ಗೊತ್ತು.

ಚೀಲ ಮಡಚಿಟ್ಟಾಗ ಒಬ್ಬರು ಬೆನ್ನ ಮೇಲೆ ಹೊರಬಹುದಾದ ಸುಮಾರು ಏಳು ಕಿಲೋದ ಗಂಟು. ಬಿಚ್ಚಿದರೆ ಎರಡು ಮೀಟರಿಗಿಂತ ಉದ್ದದ, ದಪ್ಪ ನೈಲಾನ್ ಬಟ್ಟೆಯ ಕೊಳವೆ. ಮುಖದ ನೇರಕ್ಕೆ ಪಾರದರ್ಶಕ ಕಿಟಕಿ, ಉದ್ದಕ್ಕೂ ಗಾಳಿ ಸೋರದ ಜಿಪ್ಪು, ಹೊರಗೆ ಕಾಲಿನಿಂದ ಒತ್ತುವ ಪಂಪು. ರೋಗಿಯನ್ನು ಸ್ಲೀಪಿಂಗ್ ಬ್ಯಾಗಿನೊಡನೆ ಒಳಗೆ ಮಲಗಿಸಿ, ಸಾಧ್ಯವಿದ್ದರೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಅದು ಕಿಟಕಿಯಿಂದ ಕಾಣುವಂತೆ ಇಟ್ಟು, ಜಿಪ್ಪೆಳೆದು ಪಂಪು ಒತ್ತಲು ಆರಂಭಿಸುತ್ತಾರೆ. ಬಟ್ಟೆ ಬಿಗಿದು ದಿಂಬಿನಂತೆ ನಿಂತು, ಒತ್ತಡ ಎರಡು ಪೌಂಡ್ ಮುಟ್ಟಿದಾಗ ಕವಾಟ ತೆರೆದು ಹಿಸ್ಸೆಂದು ಗಾಳಿ ಬಿಡುತ್ತದೆ. ಅನುಭವವಿಲ್ಲದವರು ಇಲ್ಲಿಯೇ ಎಡವುತ್ತಾರೆ. ಕುಕ್ಕರ್ ಕೂಗಿದರೆ ಒಲೆ ಸಣ್ಣದು ಮಾಡುವ ಅಭ್ಯಾಸವಿರುವ ನಮಗೆ, ಸದ್ದು ಕೇಳಿದೊಡನೆ ಕೆಲಸ ಮುಗಿಯಿತು ಎನಿಸುವುದು ಸಹಜ. ಆದರೆ ಮುಚ್ಚಿದ ಚೀಲದಲ್ಲಿ ರೋಗಿ ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಎಲ್ಲಿಗೂ ಹೋಗುವುದಿಲ್ಲ. ಕವಾಟದಿಂದ ಹಳೆಯ ಗಾಳಿ ಹೊರಹೋಗಿ ಹೊಸದು ಒಳಬರುತ್ತಿರಬೇಕಾದರೆ, ಚೀಲ ತುಂಬಿದ ಮೇಲೂ ನಿಮಿಷಕ್ಕೆ ಹತ್ತರಿಂದ ಇಪ್ಪತ್ತು ಬಾರಿ ಪಂಪು ಒತ್ತುತ್ತಲೇ ಇರಬೇಕು. ಐದು ಸಾವಿರ ಮೀಟರ್ ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿ, ಒಂದು ಗಂಟೆ ಕಾಲ. ಒತ್ತುವವರಿಗೂ ಸಿಗುತ್ತಿರುವುದು ಅದೇ ತೆಳುಗಾಳಿ ತಾನೇ. ಆದ್ದರಿಂದ ಇದು ಸರದಿಯ ಮೇಲೆ ಮೂರು ನಾಲ್ಕು ಜನ ಮಾಡಬೇಕಾದ ಕೆಲಸ. ಸಿಲಿಂಡರಿಗೆ ಹೋಲಿಸಿದರೆ ಚೀಲದ ದೊಡ್ಡ ಗುಣ ಮತ್ತು ದೊಡ್ಡ ದೋಷ ಎರಡೂ ಇಲ್ಲಿಯೇ ಇವೆ. 1,500 ಲೀಟರಿನ ಸಿಲಿಂಡರ್ ನಿಮಿಷಕ್ಕೆ ನಾಲ್ಕು ಲೀಟರಿನಂತೆ ಬಿಟ್ಟರೆ ಆರು ಗಂಟೆ ಚಿಲ್ಲರೆಗೆ ಬರಿದಾಗುತ್ತದೆ, ಚೀಲ ಬರಿದಾಗುವುದಿಲ್ಲ. ಜನರ ಕಾಲು ಸೋಲುತ್ತದೆ.

ಒಳಗಿರುವವನ ಪಾಡು ಬೇರೆ. ಒತ್ತಡ ಏರುವಾಗ ವಿಮಾನ ಇಳಿಯುವಾಗಿನಂತೆ ಕಿವಿ ಕಟ್ಟುತ್ತದೆ. ಉಗುಳು ನುಂಗುವುದು, ಆಕಳಿಸುವುದು, ಮೂಗು ಹಿಡಿದು ಊದುವುದು ತಿಳಿದಿರಬೇಕು. ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಗಾಬರಿಗೊಳ್ಳುತ್ತಾರೆ, ಹಾಗಾಗಿ ಯಾರಾದರೊಬ್ಬರು ಕಿಟಕಿಯ ಬಳಿ ಕುಳಿತು ಕಣ್ಣಿಗೆ ಕಾಣುತ್ತಿರಬೇಕು. ಬಿಸಿಲಿನಲ್ಲಿಟ್ಟರೆ ಚೀಲ ಒಲೆಯಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಅಂಗಾತ ಮಲಗುವುದೇ ಅಸಾಧ್ಯ, ಆದ ಕಾರಣ ತಲೆಯ ಭಾಗ ಮೇಲಿರುವಂತೆ ಚೀಲವನ್ನು ಇಳಿಜಾರಿನಲ್ಲಿ ಹಾಸಬೇಕಾಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಪ್ರಜ್ಞೆ ತಪ್ಪಿದ ರೋಗಿಯದು: ಒಳಗೆ ವಾಂತಿ ಮಾಡಿಕೊಂಡರೆ ಬಾಯಿ ಒರೆಸಲು ಕೈ ತಲುಪುವುದಿಲ್ಲ, ಒತ್ತಡ ಇಳಿಸಿ ಜಿಪ್ಪು ತೆಗೆಯುವಷ್ಟರಲ್ಲಿ ಉಸಿರುದಾರಿ ಕಟ್ಟಿಹೋಗಬಹುದು.

ಈ ಸಾಧನವನ್ನು ಕೃತಕ ಉಸಿರಾಟದ ಯಂತ್ರ ಎಂದು ತಿಳಿಯುವವರಿದ್ದಾರೆ. ಪೋಲಿಯೊ ಕಾಲದ ಕಬ್ಬಿಣದ ಶ್ವಾಸಕೋಶದ ಚಿತ್ರ ಮನಸ್ಸಿನಲ್ಲಿರುವುದು ಇದಕ್ಕೆ ಕಾರಣವಿರಬಹುದು. 1928ರಲ್ಲಿ ಹಾರ್ವರ್ಡ್‌ನ ಫಿಲಿಪ್ ಡ್ರಿಂಕರ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಆ ಪೆಟ್ಟಿಗೆ ದೇಹದ ಸುತ್ತಲಿನ ಒತ್ತಡವನ್ನು ಲಯಬದ್ಧವಾಗಿ ತಗ್ಗಿಸಿ ಎದೆಯನ್ನು ಹಿಗ್ಗಿಸುತ್ತಿತ್ತು, ಸ್ನಾಯುಗಳು ಸೋತವರ ಪರವಾಗಿ ತಾನೇ ಉಸಿರಾಡುತ್ತಿತ್ತು. ಗ್ಯಾಮೋವ್ ಚೀಲ ಉಸಿರಾಡುವುದಿಲ್ಲ. ರೋಗಿಯೇ ಉಸಿರಾಡಬೇಕು, ಪ್ರತಿ ಉಸಿರಿನಲ್ಲಿ ದಕ್ಕುವುದನ್ನು ಚೀಲ ಹೆಚ್ಚಿಸುತ್ತದೆ ಅಷ್ಟೆ. ಉಸಿರು ನಿಂತವರನ್ನು ಅದರೊಳಗೆ ಮಲಗಿಸಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿ ಸಿಗುವ ಫಲವೆಷ್ಟು? ಇದನ್ನು ಪರೀಕ್ಷಿಸಿದವರು ಆಲ್ಪ್ಸ್ ಪರ್ವತದ 4,559 ಮೀಟರ್ ಎತ್ತರದ ಮಾರ್ಗರಿಟಾ ಗುಡಿಸಲಿನಲ್ಲಿ ಬೀಡುಬಿಟ್ಟ ವೈದ್ಯರು. 1993ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಪರ್ವತ ಕಾಯಿಲೆಯಿದ್ದ 64 ಆರೋಹಿಗಳು ಪಾಲ್ಗೊಂಡಿದ್ದರು. ಕೆಲವರಿಗೆ 193 ಮಿಲಿಬಾರ್ (ಸುಮಾರು 145 ಮಿಲಿಮೀಟರ್ ಪಾದರಸ) ಹೆಚ್ಚುವರಿ ಒತ್ತಡ, ಹೋಲಿಕೆಗಾಗಿ ಇನ್ನು ಕೆಲವರಿಗೆ ಬರೀ 20 ಮಿಲಿಬಾರ್ (ಸುಮಾರು 15 ಮಿಲಿಮೀಟರ್) ಕೊಟ್ಟು ನೋಡಿದಾಗ, ಒಂದು ಗಂಟೆಯ ಬಳಿಕ ನಿಜವಾದ ಒತ್ತಡ ಪಡೆದವರು ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು. ಆದರೆ ಹನ್ನೆರಡು ಗಂಟೆ ಕಳೆದ ಮೇಲೆ ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಎರಡು ವರ್ಷಗಳ ನಂತರದ ಇನ್ನೊಂದು ಪ್ರಯೋಗ ಚೀಲವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧದೊಡನೆ ಹೋಲಿಸಿತು: ಮೊದಲ ಗಂಟೆಯಲ್ಲಿ ಚೀಲ ಮುಂದು, ಹನ್ನೊಂದು ಗಂಟೆಯ ಹೊತ್ತಿಗೆ ಔಷಧ ಮುಂದು. ಕಾರಣ ಊಹಿಸುವುದು ಕಷ್ಟವಲ್ಲ. ಜಿಪ್ಪು ತೆರೆದ ಕ್ಷಣದಲ್ಲಿ ರೋಗಿ ಮತ್ತೆ ಹಳೆಯ ಎತ್ತರಕ್ಕೇ ಬಂದುಬಿಡುತ್ತಾನೆ, ಅಲ್ಲಿನ ಗಾಳಿ ಬದಲಾಗಿರುವುದಿಲ್ಲ. ಚೀಲ ಕೊಡುವ ಇಳಿತ ಕೈಗಡದ ಇಳಿತ.

ಆದರೂ ಆ ಒಂದೆರಡು ಗಂಟೆಗಳನ್ನು ಹಗುರವಾಗಿ ಕಾಣುವಂತಿಲ್ಲ. ಹೊತ್ತು ಸಾಗಿಸಬೇಕಾಗಿದ್ದ ರೋಗಿ ಒಂದು ಗಂಟೆ ಚೀಲದಲ್ಲಿದ್ದು ಎದ್ದು, ಇಬ್ಬರ ಹೆಗಲು ಹಿಡಿದು ತಾನೇ ನಡೆಯುವಂತಾದರೆ, ಇಡೀ ರಕ್ಷಣಾ ಕಾರ್ಯದ ಸ್ವರೂಪವೇ ಬದಲಾಗುತ್ತದೆ. ಬೆಳಗಾಗುವವರೆಗೆ, ಹೆಲಿಕಾಪ್ಟರ್ ಬರುವವರೆಗೆ, ಹಿಮಪಾತ ನಿಲ್ಲುವವರೆಗೆ ಜೀವ ಹಿಡಿದಿಡಲು ಸಾಧ್ಯವಾಗುತ್ತದೆ. 1973ರಲ್ಲಿ ಸ್ಥಾಪನೆಯಾಗಿ ಎವರೆಸ್ಟ್ ದಾರಿಯ ಫೆರಿಚೆಯಲ್ಲಿಯೂ ಅನ್ನಪೂರ್ಣ ಸುತ್ತಿನ ಮನಾಂಗ್‌ನಲ್ಲಿಯೂ ಚಿಕಿತ್ಸಾಲಯ ನಡೆಸುತ್ತಿರುವ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ದಶಕಗಳಿಂದ ಹೇಳುತ್ತಿರುವುದೂ ಇದನ್ನೇ: ಲಕ್ಷಣಗಳಿರುವಾಗ ಮೇಲೆ ಹತ್ತಬೇಡಿ, ಹದಗೆಡುತ್ತಿದ್ದರೆ ಇಳಿಯಿರಿ. ಚೀಲ ಬರುವುದು ಈ ಮಾತುಗಳ ನಂತರ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಎರಡು ರೀತಿಯ ನಂಟಿದೆ. ಮೊದಲನೆಯದು ತಯಾರಿಕೆಯದು. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಯುದ್ಧವಿಮಾನದ ಚಾಲಕರ ಮತ್ತು ಎತ್ತರದ ಗಡಿಯಲ್ಲಿರುವ ಸೈನಿಕರ ಉಸಿರಾಟಕ್ಕೆ ಬೇಕಾದ ಸಾಧನಗಳ ಮೇಲೆ ಕೆಲಸ ಮಾಡುತ್ತದೆ. ರಕ್ತದ ಆಮ್ಲಜನಕದ ಮಟ್ಟ ನೋಡಿಕೊಂಡು ತಾನೇ ಪೂರೈಕೆಯನ್ನು ಹೊಂದಿಸಿಕೊಳ್ಳುವ ಅದರ ವ್ಯವಸ್ಥೆಯೊಂದು ಮೂಲತಃ ಅತಿ ಎತ್ತರದ ಸೈನಿಕರಿಗಾಗಿ ರೂಪುಗೊಂಡಿದ್ದು, 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೆಯ ಅಲೆಯ ನಡುವೆ ಅದರ ಒಂದೂವರೆ ಲಕ್ಷ ಘಟಕಗಳನ್ನು ಪಿಎಂ ಕೇರ್ಸ್ ನಿಧಿಯಿಂದ ಕೊಳ್ಳಲು ಕೇಂದ್ರ ಒಪ್ಪಿಗೆ ನೀಡಿತು. ಎರಡನೆಯ ನಂಟು ಪ್ರಯಾಣಿಕರದು. ಐದು ವರ್ಷ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಆರಂಭವಾಯಿತು. ಅದರ ಡೋಲ್ಮಾ ಲಾ ಕಣಿವೆದಾರಿ 5,600 ಮೀಟರಿನ ಮೇಲಿದೆ. ಯಾತ್ರಿಕರಿಗೆ ರಾಜ್ಯ ಸರ್ಕಾರ ಸಹಾಯಧನವನ್ನೂ ಕೊಡುತ್ತದೆ. ಲಿಪುಲೇಖ್ ಮಾರ್ಗದ ಸರ್ಕಾರಿ ಯಾತ್ರೆಯಲ್ಲಿ ದೆಹಲಿಯಲ್ಲೊಮ್ಮೆ, ಮೇಲೆ ಗುಂಜಿಯಲ್ಲೊಮ್ಮೆ ವೈದ್ಯಕೀಯ ತಪಾಸಣೆ ಇರುತ್ತದೆ. ಅಲ್ಲಿ ಅನುತ್ತೀರ್ಣರಾದವರು ಬೇಸರಪಟ್ಟುಕೊಳ್ಳುವುದನ್ನು ಕೇಳಿದ್ದೇವೆ, ಆದರೆ ಆ ತಪಾಸಣೆ ಯಾವ ಚೀಲಕ್ಕಿಂತಲೂ ಹೆಚ್ಚು ಜೀವ ಉಳಿಸುವಂಥದ್ದು.

ಲಡಾಖ್ ಪ್ರವಾಸದಲ್ಲಿ ಅಂತಹ ಜರಡಿ ಇಲ್ಲ. ಸೈನ್ಯದ ನಿಯಮದ ಪ್ರಕಾರ 9,000ದಿಂದ 12,000 ಅಡಿಯ ನಡುವೆ ಆರು ದಿನ, 15,000 ಅಡಿಯವರೆಗೆ ಮತ್ತೆ ನಾಲ್ಕು ದಿನ, ಅದರ ಮೇಲೆ ಇನ್ನೂ ನಾಲ್ಕು ದಿನ ಸೈನಿಕ ದೇಹವನ್ನು ಒಗ್ಗಿಸಿಕೊಳ್ಳಬೇಕು. ಒಟ್ಟು ಹದಿನಾಲ್ಕು ದಿನ. ಲೇಹ್ ಇರುವುದು 11,500 ಅಡಿಯಲ್ಲಿ. ಅಂದರೆ ಕಸರತ್ತಿನಲ್ಲಿ ಪಳಗಿದ ಯುವಸೈನಿಕನಿಗೂ ಲೇಹ್ ಮಟ್ಟದಲ್ಲಿಯೇ ಆರು ದಿನ ಬೇಕೆಂದು ಸೈನ್ಯ ಭಾವಿಸುತ್ತದೆ. ನಮ್ಮ ಟೆಕ್ಕಿ ಗೆಳೆಯರ ರಜೆ ಆರು ದಿನವಿದ್ದರೆ ಹೆಚ್ಚು. ಮೊದಲ ದಿನ ವಿಮಾನದಲ್ಲಿ ಇಳಿದು, ಎರಡನೆಯ ಅಥವಾ ಮೂರನೆಯ ದಿನ ಖಾರ್ದುಂಗ್ ಲಾ ದಾಟಿ ನುಬ್ರಾ, ಅಲ್ಲಿಂದ 4,200 ಮೀಟರಿನ ಮೇಲಿರುವ ಪಾಂಗಾಂಗ್ ಸರೋವರದ ದಂಡೆಯಲ್ಲಿ ರಾತ್ರಿ. ಸ್ಥಳೀಯ ಆಡಳಿತ ಮೊದಲ 48 ಗಂಟೆ ವಿಶ್ರಾಂತಿ ಪಡೆಯಲು ಹೇಳುತ್ತದೆ, ಹೋಟೆಲಿನವರೂ ಹೇಳುತ್ತಾರೆ, ಪ್ರವಾಸಿ ಸಂಜೆಗೆ ಮಾರುಕಟ್ಟೆಗೆ ಹೊರಡುತ್ತಾನೆ. ಅಲ್ಲಿ ಮಾರುವ ಹತ್ತು ಲೀಟರಿನ ಆಮ್ಲಜನಕದ ಡಬ್ಬಿಯೊಂದನ್ನು ಕೊಂಡು ಧೈರ್ಯ ತಂದುಕೊಳ್ಳುವುದೂ ಉಂಟು. ನಿಮಿಷಕ್ಕೆ ಎರಡು ಲೀಟರಿನಂತೆ ಬಳಸಿದರೆ ಅದು ಐದು ನಿಮಿಷ ಬರುತ್ತದೆ.

ಹಾಗಾದರೆ ಚಾರಣದ ಪ್ರಕಟಣೆಯಲ್ಲಿ ಗ್ಯಾಮೋವ್ ಬ್ಯಾಗ್ ಎಂಬ ಪದ ಕಂಡಾಗ ಏನು ಕೇಳಬೇಕು? ಚೀಲ ನಮ್ಮ ಜೊತೆಯಲ್ಲೇ ಇರುತ್ತದೆಯೋ ಎರಡು ದಿನದ ನಡಿಗೆಯಷ್ಟು ಕೆಳಗಿನ ಶಿಬಿರದಲ್ಲಿರುತ್ತದೆಯೋ. ಈ ಋತುವಿನಲ್ಲಿ ಅದನ್ನು ಒಮ್ಮೆಯಾದರೂ ಊದಿ ಜಿಪ್ಪು, ಕವಾಟ ನೋಡಿದ್ದಾರೆಯೋ. ಪಂಪು ಒತ್ತುವುದು ತಿಳಿದವರು ತಂಡದಲ್ಲಿ ಎಷ್ಟು ಮಂದಿ. ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರಿಗೆ ಕಾಯಿಲೆಯಾದರೆ ಅವರನ್ನು ಕೆಳಗಿಳಿಸಲು ಬೇರೆಯೇ ಒಬ್ಬ ಮಾರ್ಗದರ್ಶಕನಿದ್ದಾನೆಯೇ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ ಚೀಲದ ಬಗ್ಗೆ ಕೇಳಿ ಫಲವಿಲ್ಲ. ಮಾರ್ಗದರ್ಶಕ ಒಬ್ಬನೇ ಇರುವ ತಂಡದಲ್ಲಿ ರೋಗಿಯನ್ನು ಒಂದು ಗಂಟೆ ಚೀಲದಲ್ಲಿಟ್ಟು, ಸ್ವಲ್ಪ ಗೆಲುವಾದೊಡನೆ ಎಲ್ಲರ ಜೊತೆ ಮೇಲಕ್ಕೇ ನಡೆಸುವ ಆಸೆ ಬಲವಾಗಿರುತ್ತದೆ. ಅದಕ್ಕಿಂತ ಅಪಾಯದ ಬಳಕೆ ಇನ್ನೊಂದಿಲ್ಲ.

ಎತ್ತರದ ಸಾವುಗಳೆಲ್ಲ ಗಾಳಿಯ ಕೊರತೆಯಿಂದಲೇ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಕೊಂದದ್ದು ಹಿಮಬಿರುಗಾಳಿ ಮತ್ತು ಚಳಿ. ಅಂತಹ ಹೊತ್ತಿನಲ್ಲಿ ಒತ್ತಡದ ಚೀಲಕ್ಕಿಂತ ಬೆಚ್ಚನೆಯ ಆಸರೆ ಮತ್ತು ಬೇಗ ಹಿಂದಿರುಗುವ ನಿರ್ಧಾರ ಕೆಲಸಕ್ಕೆ ಬರುತ್ತವೆ.

ಇದೇ ಚೀಲದ ದೊಡ್ಡಣ್ಣ ಈಗ ಮಹಾನಗರಗಳ ಸ್ವಾಸ್ಥ್ಯ ಕೇಂದ್ರಗಳಲ್ಲಿ, ಕೆಲವೊಮ್ಮೆ ಉಳ್ಳವರ ಮನೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಅದಕ್ಕೆ ಆಯಾಸ ಪರಿಹಾರದಿಂದ ಹಿಡಿದು ಯೌವನ ಮರಳಿಸುವವರೆಗೆ ಎಲ್ಲ ಗುಣಗಳನ್ನೂ ಆರೋಪಿಸಲಾಗುತ್ತದೆ. ಆಸ್ಪತ್ರೆಯ ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ ಬೇರೆಯದೇ ಸಂಗತಿ. ಅಲ್ಲಿ ಗಟ್ಟಿ ಗೋಡೆಯ ಕೋಣೆಯಲ್ಲಿ ವಾತಾವರಣದ ಎರಡು ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಡುತ್ತಾರೆ, ಮುಳುಗುಗಾರರ ಕಾಯಿಲೆ, ಕಾರ್ಬನ್ ಮೊನಾಕ್ಸೈಡ್ ವಿಷ, ಮಧುಮೇಹಿಗಳ ಮಾಯದ ಪಾದದ ಹುಣ್ಣು ಮುಂತಾದ ನಿರ್ದಿಷ್ಟ ಕಾರಣಗಳಿಗೆ. ಆ ಕೋಣೆಗೂ ತನ್ನದೇ ಅಪಾಯವಿದೆ: 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕೇಂದ್ರವೊಂದರಲ್ಲಿ ಇಂತಹ ಕೋಣೆಗೆ ಬೆಂಕಿ ಬಿದ್ದು ಐದು ವರ್ಷದ ಬಾಲಕ ಸತ್ತ. ಒತ್ತಿದ ಆಮ್ಲಜನಕದಲ್ಲಿ ಒಂದು ಕಿಡಿ ಸಾಕು.

ಮನೆಯ ಮೃದು ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಸಾದಾ ಗಾಳಿ, ಹೊರಗಿನದಕ್ಕಿಂತ ಹೆಚ್ಚಿನ ಒತ್ತಡ; ಆ ಹೆಚ್ಚಳ ಕಡಲ ಮಟ್ಟದ ಒತ್ತಡದ ಹತ್ತರಲ್ಲಿ ಮೂರು ಪಾಲು. ಬೆಂಗಳೂರಿನ 685ಕ್ಕೆ 228 ಮಿಲಿಮೀಟರ್ ಸೇರಿಸಿ ಹಿಂದಿನ ಲೆಕ್ಕವನ್ನೇ ಮಾಡಿದರೆ, ಒಳಗೆ ಮಲಗಿದವರಿಗೆ ದಕ್ಕುವ ಆಮ್ಲಜನಕ 181 ಮಿಲಿಮೀಟರ್. ಹೊರಗೆ ಕುಳಿತು ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ ತೆಗೆದುಕೊಂಡರೂ ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ಇಂತಹ ಗಾಳಿ ತುಂಬುವ ಚೀಲಗಳಿಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿರುವುದು ಪರ್ವತ ಕಾಯಿಲೆಯ ಚಿಕಿತ್ಸೆಗೆ. 920 ಮೀಟರ್ ಎತ್ತರದ ನಮ್ಮ ರಾಜಧಾನಿಯಲ್ಲಿ ಆ ಕಾಯಿಲೆ ಯಾರಿಗೂ ಬರುವುದಿಲ್ಲ.